ಚಿರಕಾರಿಯೂ ದೀರ್ಘಸೂತ್ರಿಯೂ

ಮಾಡಬೇಕಾದ ಕೆಲಸವನ್ನು ನಾಳೆಗೆ, ನಾಡಿದ್ದಿಗೆ ತಳ್ಳುತ್ತ ಹೋಗುವುದು ದೋಷವೆಂಬುದನ್ನು ಒಪ್ಪದವರಿಲ್ಲ. ಆದರೆ ಆ ದೋಷದ ಸ್ವರೂಪವೇನೆಂದು ಕೇಳಿದರೆ ಬಹುಮಂದಿ ಸೋಮಾರಿತನವೆಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಈ ಉತ್ತರವು ಸಾಲದು. ಏಕೆಂದರೆ ಕೆಲಸವನ್ನು ಮುಂದೂಡುವವರಲ್ಲಿ ಅನೇಕರು ಬೆಳಗಿನಿಂದ ಸಂಜೆಯವರೆಗೆ ಒಂದು ಕ್ಷಣವೂ ಸುಮ್ಮನೆ ಕುಳಿತಿರುವವರಲ್ಲ. ಮೇಜಿನ ಮೇಲಿನ ಕಾಗದಗಳನ್ನು ಜೋಡಿಸುವರು; ಹಳೆಯ ಕಡತದ ದಾರವನ್ನು ಬಿಚ್ಚಿ ಹೊಸದಾಗಿ ಕಟ್ಟುವರು; ಬಂದ ಪ್ರತಿಯೊಂದು ಕರೆಗೂ ಉತ್ತರ ಕೊಡುವರು; ಪಕ್ಕದವರ ಕಂಪ್ಯೂಟರು ಕೆಟ್ಟಿತೆಂದರೆ ಎದ್ದುಹೋಗಿ ನೋಡುವರು. ಸಂಜೆ ಮನೆಗೆ ಬಂದಾಗ ಅವರಿಗೆ ನಿಜವಾಗಿಯೂ ಆಯಾಸವಾಗಿರುತ್ತದೆ. ಆದರೆ ಆ ದಿನ ಯಾವ ಒಂದು ಪತ್ರವನ್ನು ಬರೆಯಲೇಬೇಕಾಗಿತ್ತೋ ಅದೊಂದು ಮಾತ್ರ ಬರೆಯದೆ ಉಳಿದಿರುತ್ತದೆ. ಇಂತಹವರನ್ನು ಸೋಮಾರಿಗಳೆನ್ನಲು ಬಾಯಿ ಬಾರದು. ಕಾರ್ಯಶೀಲರೆನ್ನಲು ಮನಸ್ಸು ಒಪ್ಪದು.

ಮಹಾಭಾರತದ ವನಪರ್ವದಲ್ಲಿ ಬರುವ ಯಕ್ಷಪ್ರಶ್ನೆಯ ಪ್ರಸಂಗವನ್ನು ಓದುಗರು ಬಲ್ಲರು. ಆಲಸ್ಯವೆಂದರೆ ಯಾವುದೆಂದು ಯಕ್ಷನು ಕೇಳಿದಾಗ ಧರ್ಮರಾಜನು ನಿದ್ರೆಯನ್ನಾಗಲಿ ಮೈಗಳ್ಳತನವನ್ನಾಗಲಿ ಹೆಸರಿಸಲಿಲ್ಲ. ಧರ್ಮದ ವಿಷಯದಲ್ಲಿ ನಿಷ್ಕ್ರಿಯನಾಗಿರುವುದೇ ಆಲಸ್ಯವೆಂದನು. ಈ ಉತ್ತರದ ಸೂಕ್ಷ್ಮವನ್ನು ಗಮನಿಸಬೇಕು. ಇದರ ಪ್ರಕಾರ ಕೈಕಾಲುಗಳು ಎಷ್ಟು ಚಲಿಸಿದವು ಎಂಬುದು ಅಳತೆಯಲ್ಲ. ತನಗೆ ವಿಹಿತವಾದುದು ಯಾವುದೋ ಅದು ನಡೆಯಿತೇ ಇಲ್ಲವೇ ಎಂಬುದೇ ಅಳತೆ. ಹಾಗಾದರೆ ದಿನವಿಡೀ ಓಡಾಡಿದವನೂ ಆಲಸಿಯಾಗಬಹುದು. ಮಧ್ಯಾಹ್ನ ಅರ್ಧ ಗಳಿಗೆ ಮಲಗಿದವನು ಆಗದಿರಬಹುದು.

ಶ್ರೀಮದ್ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ತಾಮಸನಾದ ಕರ್ತೃವಿನ ಲಕ್ಷಣಗಳನ್ನು ಹೇಳುವಾಗ ಪ್ರಚಲಿತ ಪಾಠದಲ್ಲಿ ದೀರ್ಘಸೂತ್ರೀ ಎಂಬ ಪದವಿದೆ. ಆಲಸ್ಯವನ್ನು ಅದೇ ಶ್ಲೋಕದಲ್ಲಿ ಬೇರೆಯಾಗಿಯೇ ಎಣಿಸಿರುವುದರಿಂದ ಇವೆರಡೂ ಒಂದೇ ಅಲ್ಲವೆಂಬುದು ಸ್ಪಷ್ಟ. ದೀರ್ಘಸೂತ್ರವೆಂದರೆ ಉದ್ದವಾದ ನೂಲು. ಒಂದು ಗಂಟೆಯಲ್ಲಿ ಮುಗಿಯುವ ಕೆಲಸವನ್ನು ಎಳೆದೆಳೆದು ಒಂದು ತಿಂಗಳ ನೂಲನ್ನಾಗಿ ಮಾಡುವವನು ದೀರ್ಘಸೂತ್ರಿ. ಶಾಂತಿಪರ್ವದ ಆಪದ್ಧರ್ಮ ಭಾಗದಲ್ಲಿ ಭೀಷ್ಮರು ಹೇಳುವ ಮೂರು ಮೀನುಗಳ ಕಥೆಯಲ್ಲಿ ಮೂರನೆಯ ಮೀನಿಗೆ ಇದೇ ಹೆಸರು. ಬೆಸ್ತರು ಕೊಳದ ನೀರನ್ನು ಹೊರಗೆ ಬಿಡುತ್ತಿರುವುದನ್ನು ಕಂಡು, ಮುಂದಾಲೋಚನೆಯುಳ್ಳ ಮೀನು ಕಾಲುವೆಯಿದ್ದಾಗಲೇ ಬೇರೆ ಜಲಾಶಯಕ್ಕೆ ಹೊರಟುಹೋಯಿತು. ಸಮಯಸ್ಫೂರ್ತಿಯುಳ್ಳದ್ದು ಸಿಕ್ಕಿಬಿದ್ದರೂ, ಹಿಡಿದ ಮೀನುಗಳನ್ನು ಪೋಣಿಸಿದ ಹಗ್ಗವನ್ನು ತಾನೇ ಬಾಯಲ್ಲಿ ಕಚ್ಚಿಕೊಂಡಿದ್ದು, ಅವುಗಳನ್ನು ತೊಳೆಯಲು ನೀರಿನಲ್ಲಿ ಅದ್ದಿದಾಗ ಬಿಟ್ಟು ಪಾರಾಯಿತು. ಇನ್ನೂ ಅವಸರವೇನಿದೆ ಎಂದುಕೊಂಡ ದೀರ್ಘಸೂತ್ರವು ನಾಶವಾಯಿತು.

ಇಷ್ಟೇ ಆಗಿದ್ದರೆ ವಿಷಯ ಸುಲಭವಾಗಿತ್ತು. ಆದರೆ ಅದೇ ಶಾಂತಿಪರ್ವದಲ್ಲಿ, ಅದೇ ಭೀಷ್ಮರು, ಅದೇ ಧರ್ಮರಾಜನಿಗೆ, ಮೋಕ್ಷಧರ್ಮ ಭಾಗದಲ್ಲಿ ಇನ್ನೊಂದು ಕಥೆಯನ್ನು ಹೇಳುತ್ತಾರೆ. ಅಲ್ಲಿ ತಡಮಾಡಿದವನಿಗೇ ಪ್ರಶಂಸೆ. ಗೌತಮನೆಂಬ ಋಷಿಯ ಮಗ ಚಿರಕಾರಿ. ಪ್ರತಿಯೊಂದು ವಿಷಯವನ್ನೂ ಬಹಳ ಹೊತ್ತು ಯೋಚಿಸಿಯೇ ಕೈಹಾಕುತ್ತಿದ್ದುದರಿಂದ ಅವನಿಗೆ ಆ ಹೆಸರು ಬಂತು. ಅಲ್ಪಮತಿಗಳು ಅವನನ್ನು ಮಂದನೆಂದು ಹಾಸ್ಯ ಮಾಡುತ್ತಿದ್ದರು. ಒಮ್ಮೆ ತಂದೆಯು ಪತ್ನಿಯ ಮೇಲೆ ಅತಿಯಾಗಿ ಕ್ರೋಧಗೊಂಡು, ನಿನ್ನ ತಾಯಿಯನ್ನು ವಧಿಸೆಂದು ಮಗನಿಗೆ ಆಜ್ಞಾಪಿಸಿ ಅರಣ್ಯಕ್ಕೆ ಹೊರಟುಹೋದನು. ಮಗನು ಆಯುಧವನ್ನು ಹಿಡಿದು ನಿಂತನು, ಆದರೆ ಎತ್ತಲಿಲ್ಲ. ಪಿತೃವಾಕ್ಯ ಪರಿಪಾಲನೆ ಧರ್ಮವೇ, ಮಾತೃರಕ್ಷಣೆಯೂ ಧರ್ಮವೇ. ಯಾವುದು ಹೆಚ್ಚು? ತಂದೆಯೆಂದರೇನು, ತಾಯಿಯೆಂದರೇನು ಎಂದು ಒಂದೊಂದಾಗಿ ತೂಗುತ್ತ ಅವನು ಬಹಳ ಹೊತ್ತು ನಿಂತೇ ಇದ್ದನು. ಅಷ್ಟರಲ್ಲಿ ತಂದೆಯ ಕೋಪ ಇಳಿದು, ಪಶ್ಚಾತ್ತಾಪದಿಂದ ಕಣ್ಣೀರಿಡುತ್ತ ಹಿಂದಿರುಗಿ ಬಂದನು. ಪತ್ನಿ ಬದುಕಿರುವುದನ್ನು ಕಂಡು ಮಗನನ್ನು ಅಪ್ಪಿಕೊಂಡು, ನಿನ್ನ ಹೆಸರು ಸಾರ್ಥಕವಾಯಿತೆಂದು ಹರಸಿದನು.

ಇಲ್ಲಿ ಶಂಕೆ ಉಂಟಾಗುತ್ತದೆ. ಒಂದೇ ಗ್ರಂಥದಲ್ಲಿ ತಡಮಾಡಿದ ಮೀನು ನಾಶವಾಗುತ್ತದೆ, ತಡಮಾಡಿದ ಮಗನು ಪೂಜ್ಯನಾಗುತ್ತಾನೆ. ಹಾಗಾದರೆ ವಿಳಂಬವು ಗುಣವೋ ದೋಷವೋ? ಮಾಡಬೇಕಾದುದು ಸತ್ಕರ್ಮವಾದರೆ ಶೀಘ್ರವಾಗಿ, ದುಷ್ಕರ್ಮವಾದರೆ ನಿಧಾನವಾಗಿ ಎಂದು ಕೆಲವರು ಸಮಾಧಾನ ಹೇಳುವುದುಂಟು. ಅದು ತಪ್ಪಲ್ಲ. ಕ್ರೋಧ, ದರ್ಪ, ದ್ರೋಹ, ಪಾಪಕಾರ್ಯ ಇವುಗಳಲ್ಲಿ ನಿಧಾನಿಯಾದವನು ಮೆಚ್ಚತಕ್ಕವನೆಂದು ಕಥೆಯ ಕೊನೆಯಲ್ಲಿಯೇ ಹೇಳಿದೆ. ಆದರೂ ಒಂದು ತೊಡಕು ಉಳಿಯುತ್ತದೆ. ಚಿರಕಾರಿಗೆ ಅದು ದುಷ್ಕರ್ಮವೆಂದು ಮೊದಲೇ ಗೊತ್ತಿರಲಿಲ್ಲ; ಗೊತ್ತಿದ್ದರೆ ಯೋಚಿಸುವ ಪ್ರಶ್ನೆಯೇ ಇರಲಿಲ್ಲ. ಆದುದರಿಂದ ವ್ಯತ್ಯಾಸವನ್ನು ಬೇರೆ ಕಡೆ ಹುಡುಕಬೇಕು.

ನನಗೆ ತೋರುವುದು ಹೀಗೆ. ತಡವಾದ ಆ ಕಾಲದಲ್ಲಿ ಮನಸ್ಸು ಎಲ್ಲಿತ್ತು ಎಂಬುದೇ ಮುಖ್ಯ. ಚಿರಕಾರಿಯ ಕೈ ನಿಂತಿತ್ತು, ಆದರೆ ಮನಸ್ಸು ಒಂದು ಕ್ಷಣವೂ ಆ ಕಾರ್ಯವನ್ನು ಬಿಟ್ಟು ಅಗಲಲಿಲ್ಲ. ಅವನು ಅದರ ಎದುರಿಗೇ ನಿಂತಿದ್ದನು. ದೀರ್ಘಸೂತ್ರಿಯಾದರೋ ಕಾರ್ಯಕ್ಕೆ ಬೆನ್ನುಹಾಕಿರುತ್ತಾನೆ. ನೋಡುವವರಿಗೆ ಇಬ್ಬರೂ ತಡಮಾಡುವವರೇ. ಒಬ್ಬನದು ವಿಮರ್ಶೆ, ಇನ್ನೊಬ್ಬನದು ಪಲಾಯನ. ಯೋಚಿಸುತ್ತಿದ್ದೇನೆ ಎಂದು ಹೇಳುವವನನ್ನು, ಏನು ಯೋಚಿಸಿದೆಯಪ್ಪಾ ಎಂದು ಕೇಳಿದರೆ ಸಾಕು. ಚಿರಕಾರಿಯಾದರೆ ಒಂದು ಗಂಟೆ ಹೇಳುವಷ್ಟು ಇರುತ್ತದೆ. ದೀರ್ಘಸೂತ್ರಿಯಾದರೆ ಮಾತು ಬೇರೆಡೆಗೆ ಹೊರಳುತ್ತದೆ.

ಪಲಾಯನವೆಂದರೆ ಯಾವುದರಿಂದ? ಇಲ್ಲಿ ಒಂದು ಲೌಕಿಕ ನಿದರ್ಶನವನ್ನು ಕೊಡುವುದು ಯುಕ್ತ. ನಮ್ಮ ಬೀದಿಯ ವೃದ್ಧ ತಾಯಿಯೊಬ್ಬರ ಯಜಮಾನರು ಉಪಾಧ್ಯಾಯರಾಗಿ ನಿವೃತ್ತರಾಗಿದ್ದು ಕಾಲವಾದರು. ಕುಟುಂಬ ಪಿಂಚಣಿಯ ಕಾಗದಗಳು ಒಂದು ಕಚೇರಿಯಲ್ಲಿ ಮೂರು ತಿಂಗಳು ನಿಂತವು. ಪಿಂಚಣಿ ಆದೇಶದಲ್ಲಿ ಒಂದು ಬಗೆಯಾಗಿಯೂ ಮರಣಪತ್ರದಲ್ಲಿ ಇನ್ನೊಂದು ಬಗೆಯಾಗಿಯೂ ಯಜಮಾನರ ಹೆಸರಿನ ಮೊದಲಕ್ಷರಗಳು ಬಿದ್ದಿದ್ದುವು. ಇಬ್ಬರೂ ಒಬ್ಬರೇ ಎಂದು ಅರ್ಧ ಪುಟದ ಟಿಪ್ಪಣಿಯನ್ನು ಬರೆದು ಮೇಲಧಿಕಾರಿಗೆ ಕಳುಹಿಸಬೇಕಾಗಿತ್ತು. ಐದನೆಯ ಸಲ ನಾನೂ ಆ ತಾಯಿಯ ಜೊತೆಯಲ್ಲಿ ಹೋಗಿದ್ದೆನು. ಆ ಗುಮಾಸ್ತರು ದುಷ್ಟರಲ್ಲ. ಹಣವನ್ನು ಅಪೇಕ್ಷಿಸಿದವರೂ ಅಲ್ಲ. ಎದ್ದು ಕುರ್ಚಿ ಕೊಟ್ಟರು, "ಅಮ್ಮಾ, ನಾಳೆ ಖಂಡಿತ ಮಾಡಿಕೊಡುತ್ತೇನೆ" ಎಂದರು. ಅವರ ಮೇಜು ಚೊಕ್ಕಟವಾಗಿತ್ತು. ಕೊನೆಗೆ ಅಲ್ಲಿಯ ಹಿರಿಯ ನೌಕರರೊಬ್ಬರು ಪಕ್ಕದಲ್ಲಿ ಕುಳಿತು, ಈಗಲೇ ಬರೆಯೋಣ ಎಂದಾಗ ಟಿಪ್ಪಣಿಯು ಅರ್ಧ ಗಂಟೆಯೊಳಗೆ ಮುಗಿಯಿತು. ಮೂರು ತಿಂಗಳು ಅವರು ತಪ್ಪಿಸಿಕೊಳ್ಳುತ್ತಿದ್ದುದು ಅರ್ಧ ಗಂಟೆಯ ಶ್ರಮದಿಂದಲ್ಲ. ಟಿಪ್ಪಣಿಯ ಒಕ್ಕಣೆ ತಪ್ಪಾದರೆ ಮೇಲಧಿಕಾರಿ ಏನನ್ನುವರೋ ಎಂಬ ಸಣ್ಣದೊಂದು ಅಳುಕಿನಿಂದ. ಕಡತವನ್ನು ಮುಟ್ಟಿದಾಗಲೆಲ್ಲ ಆ ಅಳುಕು ಏಳುವುದು, ಬದಿಗಿಟ್ಟೊಡನೆ ಇಳಿಯುವುದು. ಆ ಕ್ಷಣದ ನೆಮ್ಮದಿಯ ಬೆಲೆಯನ್ನು ಆ ತಾಯಿ ಐದು ಸಲದ ಬಸ್ಸಿನ ಪ್ರಯಾಣದಿಂದ ತೆತ್ತರು.

ಫ್ಯೂಷಿಯಾ ಸಿರೋಯಿಸ್ ಮತ್ತು ತಿಮೊಥಿ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹೆಚ್ಚುಕಡಿಮೆ ಇದನ್ನೇ ಪ್ರತಿಪಾದಿಸಿದ್ದಾರೆ. ಮುಂದೂಡುವಿಕೆಯು ಮೂಲತಃ ಕಾಲವನ್ನು ಹಂಚುವ ಲೆಕ್ಕದ ತಪ್ಪಲ್ಲ, ಆ ಹೊತ್ತಿನ ಅಹಿತವಾದ ಭಾವನೆಯನ್ನು ಹೇಗಾದರೂ ಶಮನಮಾಡಿಕೊಳ್ಳುವ ಪ್ರಯತ್ನ ಎಂಬುದು ಅವರ ಅಭಿಪ್ರಾಯ. ದಿನಚರಿ ಪುಸ್ತಕಗಳನ್ನು ಕೊಂಡು ಗೆರೆ ಎಳೆದವರ ಕೆಲಸಗಳೂ ಏಕೆ ಮುಗಿಯುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಚಿತ್ತವಿಕ್ಷೇಪದ ಮಾತು. ಬೆನ್ನುಹಾಕಬೇಕೆಂದಿರುವವನಿಗೆ ತಿರುಗಿ ನೋಡಲು ಏನಾದರೂ ಬೇಕಲ್ಲವೇ? ಹಿಂದೆ ಅದಕ್ಕೆ ಕಿಟಕಿಯಿತ್ತು, ಪತ್ರಿಕೆಯಿತ್ತು, ಕಾಫಿಯಿತ್ತು. ಈಗ ಎಲ್ಲವನ್ನೂ ಒಳಗೊಂಡ ಮೊಬೈಲು ಅಂಗಿಯ ಜೇಬಿನಲ್ಲಿಯೇ ಇದೆ. ಕನ್ನಡದಲ್ಲಿ ಪ್ರಮಾದವೆಂದರೆ ತಪ್ಪು, ಅನಾಹುತ ಎಂಬ ಅರ್ಥವೇ ರೂಢಿಯಲ್ಲಿದೆ. ಸಂಸ್ಕೃತದಲ್ಲಿ ಅದರ ಮುಖ್ಯಾರ್ಥ ಎಚ್ಚರ ತಪ್ಪುವುದು, ಅನವಧಾನ. ಉದ್ಯೋಗಪರ್ವದಲ್ಲಿ ಸನತ್ಸುಜಾತರು ಧೃತರಾಷ್ಟ್ರನಿಗೆ ಈ ಪ್ರಮಾದವನ್ನೇ ಮೃತ್ಯುವೆಂದು ಉಪದೇಶಿಸಿದರು. ಅಧ್ಯಾತ್ಮದ ಆ ಎತ್ತರದ ಮಾತನ್ನು ಕಚೇರಿಯ ಮೇಜಿಗೆ ಎಳೆಯುವುದು ಅತಿಯೆನಿಸೀತು. ಆದರೆ ಮಾರ್ಗ ಒಂದೇ. ಗಂಟೆ ನೋಡಲೆಂದು ಮೊಬೈಲನ್ನು ತೆಗೆದವನು ಇಪ್ಪತ್ತು ನಿಮಿಷದ ಮೇಲೆ ಅದನ್ನು ಕೆಳಗಿಟ್ಟು, ಗಂಟೆ ಎಷ್ಟೆಂದು ಮತ್ತೆ ತೆಗೆಯುವುದನ್ನು ಯಾರು ಕಂಡಿಲ್ಲ? ಆ ಇಪ್ಪತ್ತು ನಿಮಿಷ ಅವನು ಬದುಕಿದ್ದನೆಂದು ಹೇಳುವುದಾದರೂ ಹೇಗೆ?

ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬಲ್ಲೆವೆಂದು ತರುಣರು ವಾದಿಸುತ್ತಾರೆ. ಶ್ರೀಮದಾಚಾರ್ಯರು ಅನುವ್ಯಾಖ್ಯಾನದ ನಾಲ್ಕು ಅಧ್ಯಾಯಗಳನ್ನು ನಾಲ್ವರು ಶಿಷ್ಯರಿಗೆ ಏಕಕಾಲದಲ್ಲಿ ಹೇಳಿ ಬರೆಯಿಸಿದರೆಂಬ ಸುಮಧ್ವವಿಜಯದ ಪ್ರಸಂಗವನ್ನೂ ಒಬ್ಬ ಹುಡುಗ ನನ್ನೆದುರು ಎತ್ತಿದ್ದುಂಟು. ಅದು ವಾಯುದೇವರ ಅವತಾರರಾದವರ ಮಹಿಮೆಯೆಂದೇ ಅಲ್ಲಿ ವರ್ಣಿತವಾಗಿದೆ. ಕ್ರಿಕೆಟ್ಟಿನ ಸ್ಕೋರು ನೋಡುತ್ತ ಲೆಕ್ಕ ಬರೆಯುವುದಕ್ಕೆ ಅದು ಪ್ರಮಾಣವಾಗದು. ಸೋಫಿ ಲೆರಾಯ್ ಎಂಬ ವಿದುಷಿ 2009ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಒಂದು ಕೆಲಸವನ್ನು ಅರ್ಧದಲ್ಲಿ ಬಿಟ್ಟು ಇನ್ನೊಂದಕ್ಕೆ ಹೋದವನ ಗಮನದ ಒಂದು ಭಾಗವು ಹಿಂದಿನದಕ್ಕೇ ಅಂಟಿಕೊಂಡು ಉಳಿಯುವುದೆಂದೂ, ಅದರಿಂದ ಎರಡನೆಯ ಕೆಲಸ ಕೆಡುವುದೆಂದೂ ತೋರಿಸಿದ್ದಾರೆ. ಹೀಗೆ ಉಳಿಯುವುದನ್ನು ಅವರು ಗಮನದ ಶೇಷವೆಂಬ ಅರ್ಥದ ಹೆಸರಿನಿಂದ ಕರೆದಿದ್ದಾರೆ. ಋಣಶೇಷ, ಅಗ್ನಿಶೇಷ, ಶತ್ರುಶೇಷಗಳನ್ನು ಉಳಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಪಟ್ಟಿಗೆ ಇದನ್ನೂ ಸೇರಿಸಬಹುದೆಂದು ತೋರುತ್ತದೆ.

ಪರಿಹಾರದ ವಿಷಯದಲ್ಲಿ ನನಗೆ ಬಹುಕಾಲದಿಂದ ಒಂದು ಆಶ್ಚರ್ಯವಿದೆ. ನಾನು ಬೆಳಿಗ್ಗೆ ದೇವಸ್ಥಾನದಲ್ಲಿ ತಂದೆಯವರಿಗೆ ನೆರವಾಗಿ ಹತ್ತು ಗಂಟೆಗೆ ಉದ್ಯೋಗಕ್ಕೆ ಹೋಗುವವನು. ಗರ್ಭಗುಡಿಯಲ್ಲಿ, ಇಂದು ನಿರ್ಮಾಲ್ಯ ವಿಸರ್ಜನೆ ಮಾಡಲು ಮನಸ್ಸಿಲ್ಲ, ನಾಳೆ ನೋಡೋಣ ಎಂಬ ಮಾತು ಹುಟ್ಟುವುದೇ ಇಲ್ಲ. ಅಲ್ಲಿ ಕೈಯಾಡಿಸುವವರೂ ಮನುಷ್ಯರೇ. ಚಳಿಗಾಲದ ಮುಂಜಾನೆ ಅವರಿಗೂ ಚಳಿಯೇ. ಏಕಾದಶಿ ನಿರ್ಜಲ ಉಪವಾಸವಿದ್ದ ಮನೆಯವರು ದ್ವಾದಶಿಯ ಪಾರಣೆಯನ್ನು ಪಂಚಾಂಗದ ಗಳಿಗೆಗೆ ಸರಿಯಾಗಿ ಮಾಡುತ್ತಾರೆ. ಅದೇ ಮನೆಯವರು ವಿದ್ಯುತ್ತಿನ ಬಿಲ್ಲನ್ನು ದಂಡದೊಡನೆ ಕಟ್ಟುತ್ತಾರೆ. ಒಬ್ಬನೇ ಮನುಷ್ಯನು ಒಂದೆಡೆ ನಿಯತನಾಗಿ ಇನ್ನೊಂದೆಡೆ ದೀರ್ಘಸೂತ್ರಿಯಾಗಿರುವುದಾದರೆ, ಅದು ಅವನ ಹುಟ್ಟುಗುಣವೆಂದು ಹೇಳಿ ಕೈಬಿಡಲಾಗದು. ಒಂದೆಡೆ ಇರುವುದೇನು, ಇನ್ನೊಂದೆಡೆ ಇಲ್ಲದಿರುವುದೇನು ಎಂದು ನೋಡಬೇಕು.

ಮೊದಲನೆಯದಾಗಿ, ಅಲ್ಲಿ ಉಪಕರಣಗಳು ಮೊದಲೇ ಸಿದ್ಧವಾಗಿರುತ್ತವೆ. ಅಗ್ರೋದಕ ಬಂದಿರುತ್ತದೆ, ತುಳಸಿ ಬಿಡಿಸಿರುತ್ತದೆ, ಗಂಧ ತೇದಿರುತ್ತದೆ. ಕುಳಿತಮೇಲೆ ಏಳುವ ಕಾರಣವೇ ಇರುವುದಿಲ್ಲ. ಪತ್ರ ಬರೆಯಲು ಕುಳಿತವನು ಹಳೆಯ ಪತ್ರವನ್ನು ಹುಡುಕಲು ಎದ್ದನೆಂದರೆ ಮಾರ್ಗಮಧ್ಯದಲ್ಲಿ ಯಾರಾದರೂ ಸಿಗುತ್ತಾರೆ, ಮುಂದಿನದನ್ನು ವಿವರಿಸಬೇಕಾಗಿಲ್ಲ.

ಇದಕ್ಕಿಂತ ಮುಖ್ಯವಾದುದು ಸಂಕಲ್ಪ. ನಾವು ನಿತ್ಯವೂ ಉಚ್ಚರಿಸುವ ಸಂಕಲ್ಪದಲ್ಲಿ ಏನಿದೆಯೆಂದು ಕ್ಷಣಕಾಲ ಆಲೋಚಿಸಿರಿ. ಸಂವತ್ಸರದಿಂದ ತಿಥಿ, ವಾರ, ನಕ್ಷತ್ರಗಳವರೆಗೆ ಕಾಲ. ಭರತಖಂಡದಿಂದ ಗೋದಾವರಿಯ ದಕ್ಷಿಣ ತೀರದವರೆಗೆ ದೇಶ. ಅನಂತರ ಇಂತಹ ಕರ್ಮ. ಯಾವಾಗ, ಎಲ್ಲಿ, ಏನು ಎಂಬ ಮೂರೂ ನಿಶ್ಚಯವಾದ ಮೇಲೆಯೇ ನೀರು ಕೈಯಿಂದ ಇಳಿಯುತ್ತದೆ. ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು 1999ರ ಲೇಖನವೊಂದರಲ್ಲಿ, ಇದನ್ನು ಮಾಡುತ್ತೇನೆಂದು ಬರಿದೇ ಉದ್ದೇಶಿಸಿದವರಿಗಿಂತ, ಯಾವಾಗ, ಎಲ್ಲಿ, ಹೇಗೆ ಮಾಡುವೆನೆಂದು ಮೊದಲೇ ನಿಗದಿಮಾಡಿಕೊಂಡವರು ಕೆಲಸವನ್ನು ಆರಂಭಿಸುವುದು ಹೆಚ್ಚೆಂದು ಹಲವು ಪ್ರಯೋಗಗಳ ಆಧಾರದಿಂದ ವಿವರಿಸಿದ್ದಾರೆ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಬೀಗುವುದಕ್ಕಾಗಿ ಇದನ್ನು ಹೇಳಲಿಲ್ಲ. ಸಂಕಲ್ಪದ ಪ್ರಯೋಜನ ಇದೊಂದೇ ಅಲ್ಲ, ಇದು ಮುಖ್ಯವೂ ಅಲ್ಲ. ಆದರೆ ದಿನಕ್ಕೆ ಹಲವು ಬಾರಿ ದೇಶಕಾಲಗಳನ್ನು ಉಚ್ಚರಿಸುವ ಅಭ್ಯಾಸವುಳ್ಳವರು, ಬ್ಯಾಂಕಿಗೆ ಹೋಗುವ ವಿಷಯ ಬಂದಾಗ ಮಾತ್ರ "ಒಂದು ದಿನ ಹೋಗಬೇಕು" ಎನ್ನುವುದೇಕೆ? ಆ ಒಂದು ದಿನ ಯಾವ ಪಂಚಾಂಗದಲ್ಲಿಯೂ ಇಲ್ಲ.

ಈ ಸಂದರ್ಭದಲ್ಲಿ ನಮ್ಮವರಲ್ಲಿಯೇ ಕೇಳಿಬರುವ ಒಂದು ಆಕ್ಷೇಪವನ್ನು ಎತ್ತಿಕೊಳ್ಳಲೇಬೇಕು. ಜೀವನು ಅಸ್ವತಂತ್ರ, ಶ್ರೀಹರಿಯ ಪ್ರೇರಣೆಯಿಲ್ಲದೆ ಹುಲ್ಲುಕಡ್ಡಿಯೂ ಅಲುಗದು. ಹಾಗಿರುವಾಗ ಅವನು ಮಾಡಿಸಿದಾಗ ಆಗುತ್ತದೆ, ನಮ್ಮದೇನಿದೆ ಎಂಬುದೇ ಆ ಆಕ್ಷೇಪ. ಹೀಗೆ ಹೇಳುವವರು ಭೋಜನದ ವಿಷಯದಲ್ಲಿ ಹಾಗೆ ಹೇಳುವುದನ್ನು ನಾನು ಕೇಳಿಲ್ಲ. ಅದಂತಿರಲಿ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವನು ಕರ್ತೃವೆಂದು ಸಾಧಿಸುವಾಗ ಕೊಟ್ಟಿರುವ ಕಾರಣವೇ ಶಾಸ್ತ್ರಕ್ಕೆ ಅರ್ಥವಿರಬೇಕೆಂಬುದು. ಮಾಡು, ಬಿಡು ಎಂದು ಶಾಸ್ತ್ರವು ಹೇಳುವುದು ಮಾಡಬಲ್ಲವನಿಗೇ ಹೊರತು ಕಲ್ಲಿಗಲ್ಲ. ಆ ಕರ್ತೃತ್ವವು ಪರಮಾತ್ಮನಿಗೆ ಅಧೀನವೆಂಬುದು ನಮ್ಮ ಸಿದ್ಧಾಂತ. ಅದು ಇಲ್ಲವೇ ಇಲ್ಲವೆಂಬುದು ಸಿದ್ಧಾಂತವಲ್ಲ. ಇಷ್ಟು ದೂರ ಹೋಗುವುದೂ ಬೇಡ. ನಮ್ಮ ಸಂಕಲ್ಪದಲ್ಲಿಯೇ ವಿಷ್ಣುಪ್ರೇರಣಯಾ ಎಂಬ ಪದವಿದೆ. ಅದೇ ವಾಕ್ಯ ಮುಗಿಯುವುದು ಕರಿಷ್ಯೇ ಎಂಬ ಕ್ರಿಯಾಪದದಿಂದ, ಅಂದರೆ ಮಾಡುತ್ತೇನೆ ಎಂಬ ಉತ್ತಮಪುರುಷದಿಂದ. ಮೊದಲಿನ ಪದವನ್ನು ಇಟ್ಟುಕೊಂಡು ಕೊನೆಯ ಪದವನ್ನು ನುಂಗುವವರ ಸಂಕಲ್ಪವು ವ್ಯಾಕರಣದ ದೃಷ್ಟಿಯಿಂದಲೂ ಅಪೂರ್ಣ.

ಪೂರ್ತಿ ಮಾಡಲು ಅವಕಾಶವಿಲ್ಲದಾಗ ಏನು ಮಾಡಬೇಕು? ಭಾಗವತದ ಒಂಬತ್ತನೆಯ ಸ್ಕಂಧದ ಅಂಬರೀಷ ಮಹಾರಾಜನನ್ನು ನೆನೆಯಬಹುದು. ದ್ವಾದಶಿಯು ಮುಗಿಯಲು ಅರ್ಧ ಮುಹೂರ್ತ ಮಾತ್ರ ಉಳಿದಿತ್ತು. ಅತಿಥಿಯಾದ ದುರ್ವಾಸರು ಯಮುನೆಗೆ ಸ್ನಾನಕ್ಕೆ ಹೋದವರು ಬಂದಿರಲಿಲ್ಲ. ಅತಿಥಿಯನ್ನು ಬಿಟ್ಟು ಉಣ್ಣುವಂತಿಲ್ಲ, ಪಾರಣೆಯನ್ನು ಬಿಡುವಂತಿಲ್ಲ. ರಾಜನು ವಿಪ್ರರನ್ನು ವಿಚಾರಿಸಿ ನೀರನ್ನು ಮಾತ್ರ ಸ್ವೀಕರಿಸಿದನು. ಅದು ಉಂಡಂತೆಯೂ ಹೌದು, ಉಣ್ಣದಂತೆಯೂ ಹೌದು. ಅವನದು ಎರಡು ಧರ್ಮಗಳ ಸಂಕಟ, ನಮ್ಮ ನಿತ್ಯದ ವಿಳಂಬಕ್ಕೆ ಅದನ್ನು ನೇರವಾಗಿ ಹೋಲಿಸಲಾಗದು. ಆದರೂ ಸಮಯವಿಲ್ಲವೆಂದು ಪೂರ್ತಿ ಕೆಲಸವನ್ನೇ ಬಿಡುವವರು, ಆ ಒಂದು ಗುಟುಕು ನೀರಿನಷ್ಟಾದರೂ ಇಂದೇ ಏನಿದೆ ಎಂದು ಕೇಳಿಕೊಳ್ಳಬಹುದು. ಹತ್ತು ಪುಟದ ವರದಿಗೆ ಮೊದಲ ವಾಕ್ಯವಿದೆ. ಮಗಳ ಮದುವೆಯ ಸಿದ್ಧತೆಗೆ ಒಂದು ಪಟ್ಟಿಯಿದೆ.

ತಡವಾಗಿಹೋದುದರ ವಿಷಯ ಉಳಿಯಿತು. ತಡಮಾಡಿದವನಿಗೆ ನಾಚಿಕೆಯಿಂದ ಇನ್ನಷ್ಟು ತಡವಾಗುವುದು ಎಲ್ಲರೂ ಕಂಡ ಸಂಗತಿ. ಒಂದು ವಾರದೊಳಗೆ ಉತ್ತರಿಸದ ಪತ್ರಕ್ಕೆ ಒಂದು ತಿಂಗಳಾದ ಮೇಲೆ ಉತ್ತರಿಸಲು ಮುಖವಿಲ್ಲದೆ ಆರು ತಿಂಗಳಾಗುತ್ತದೆ. ಸಂಧ್ಯಾವಂದನೆಯಲ್ಲಿ ಇದಕ್ಕೆ ಎಷ್ಟು ನಿರಾಡಂಬರವಾದ ವ್ಯವಸ್ಥೆಯಿದೆ ನೋಡಿರಿ. ನಕ್ಷತ್ರಗಳಿರುವಾಗ ಮಾಡಿದ ಪ್ರಾತಃಸಂಧ್ಯೆ ಉತ್ತಮ, ನಕ್ಷತ್ರಗಳು ಮರೆಯಾದ ಮೇಲೆ ಮಧ್ಯಮ, ಸೂರ್ಯೋದಯದ ನಂತರ ಅಧಮ. ಕಾಲ ಮೀರಿದ್ದರೆ ಮೂರು ಅರ್ಘ್ಯಗಳ ಜೊತೆಗೆ ಪ್ರಾಯಶ್ಚಿತ್ತಾರ್ಘ್ಯವೊಂದನ್ನು ಕೊಟ್ಟು ಮುಂದೆ ಸಾಗಬೇಕು. ತಡವಾಯಿತೆಂದು ಕೈಬಿಡುವ ವಿಧಿಯಿಲ್ಲ. ತಡವಾಯಿತೆಂದು ಗಂಟೆಗಟ್ಟಲೆ ಪರಿತಪಿಸುವ ವಿಧಿಯೂ ಇಲ್ಲ. ಒಂದು ಬೊಗಸೆ ನೀರು ಹೆಚ್ಚು, ಅಷ್ಟೆ. ಆರು ತಿಂಗಳಿನಿಂದ ಮೇಜಿನ ಸೆಳೆಖಾನೆಯಲ್ಲಿರುವ ಪತ್ರಕ್ಕೂ ತಡವಾದುದಕ್ಕೆ ಕ್ಷಮೆ ಕೋರುವ ವಾಕ್ಯವೊಂದು ಸಾಕು. ಎರಡನೆಯ ವಾಕ್ಯದಲ್ಲಿ ಅವರು ಕೇಳಿದ್ದ ಲೆಕ್ಕ ಇರಲಿ.